ಬಿಸಿಗಾಳಿ ಮೇಲೇರದ ಕಡೆ ಎಲೆಯ ಅಡುಗೆ

ಸೂಟ್‌ಕೇಸಿನಷ್ಟು ಜಾಗ. ಮೇಲೆ ಎಲ್‌ಇಡಿ ದೀಪ, ಸುತ್ತ ಪಾರದರ್ಶಕ ಪರದೆ, ಕೆಳಗೆ ಸುಟ್ಟ ಜೇಡಿಮಣ್ಣಿನ ಹರಳು, ಗೊಬ್ಬರ ತುಂಬಿದ ಪುಟ್ಟ ದಿಂಬುಗಳು. ಬೀಜ ಮೊಳೆಯುವುದು ಆ ದಿಂಬುಗಳಲ್ಲೇ. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ‘ವೆಜ್ಜಿ’ ಕೈತೋಟ ಇಷ್ಟೇ. 2014ರಲ್ಲಿ ಅಲ್ಲಿಗೆ ಹೋದ ಈ ತೋಟದ ಕೆಂಪು ಲೆಟಿಸ್ ಸೊಪ್ಪನ್ನು 2015ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ಎಣ್ಣೆ, ವಿನೆಗರ್ ಚಿಮುಕಿಸಿಕೊಂಡು ತಿಂದರು.

ಬೆಳಕಿಗೆ ಅಲ್ಲಿ ಬರವಿಲ್ಲ. ಇಂಗಾಲದ ಡೈಆಕ್ಸೈಡ್ ಅಂತೂ ನಮ್ಮ ಗಾಳಿಯಲ್ಲಿರುವುದಕ್ಕಿಂತ ಹಲವು ಪಟ್ಟು. ಮುಚ್ಚಿದ ಮನೆಯಲ್ಲಿ ಉಸಿರು ಬಿಡುವವರು ಇದ್ದೇ ಇದ್ದಾರಲ್ಲ! ತೊಡಕಿರುವುದು ಗಾಳಿಯ ಓಡಾಟದಲ್ಲಿ. ನಮ್ಮ ಹಿತ್ತಿಲಲ್ಲಿ ಎಲೆ ಕಾದರೆ ಸುತ್ತಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ತಂಗಾಳಿ ಬರುತ್ತದೆ. ತೂಕವೇ ತೋರದ ಕಡೆ ಹಗುರ ಯಾವುದು, ಭಾರ ಯಾವುದು? ಎಲೆ ಬಿಟ್ಟ ಆಮ್ಲಜನಕ, ನೀರಾವಿ ಅದರ ಸುತ್ತಲೇ ಕಟ್ಟಿ ನಿಲ್ಲುತ್ತವೆ. ಪತ್ರರಂಧ್ರಕ್ಕೆ ಇಂಗಾಲದ ಡೈಆಕ್ಸೈಡ್ ಸೇರುವುದು ತಡವಾಗುತ್ತದೆ, ಎಲೆಯೂ ಬಿಸಿಯೇರುತ್ತದೆ. ಹಾಗಾಗಿ ಆ ತೋಟಕ್ಕೆ ನೀರಿನಷ್ಟೇ ಫ್ಯಾನೂ ಬೇಕು.

ಗಾಳಿಯ ತೊಡಕು ಇನ್ನೊಂದು ಬಗೆಯದೂ ಉಂಟು. ರಷ್ಯಾದ ‘ಮಿರ್’ ಬಾಹ್ಯಾಕಾಶ ನಿಲ್ದಾಣದಲ್ಲಿ 1996–97ರಲ್ಲಿ ಬೆಳೆದ ಗಿಡ್ಡ ಗೋಧಿ ಹುಲುಸಾಗಿಯೇ ತೆನೆ ಬಿಟ್ಟಿತ್ತು. ನೋಡಿದರೆ ಎಲ್ಲ ಜೊಳ್ಳು! ಬಾಳೆಗೊನೆ ಹಣ್ಣು ಮಾಡುವ ಎಥಿಲೀನ್ ಅನಿಲವೇ ಒಳಗಿನ ಗಾಳಿಯಲ್ಲಿ ಕೂಡಿಕೊಂಡು ತೆನೆ ಕೆಡಿಸಿತ್ತು.

ಗಾಳಿಯ ಏರ್ಪಾಡು ಸರಿಯಿದ್ದರೆ ಎಲೆಯ ಅಡುಗೆ, ಅಂದರೆ ದ್ಯುತಿಸಂಶ್ಲೇಷಣೆ, ಹೇಗೆ ನಡೆಯುತ್ತದೆ? 2002ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಬೆಳೆಸಿದ ಗಿಡ್ಡ ಗೋಧಿ, ಹದವಾದ ಬೆಳಕಿನಲ್ಲಿ ನೆಲದ ಗೋಧಿಗೆ ಸಮನಾಗಿಯೇ ದುಡಿಯಿತು. ಬೆಳಕನ್ನೂ ಇಂಗಾಲದ ಡೈಆಕ್ಸೈಡನ್ನೂ ಗರಿಷ್ಠಕ್ಕೆ ಏರಿಸಿದಾಗ ಮಾತ್ರ ಹಿಂದೆ ಬಿತ್ತು. ಸಾಸಿವೆಯ ಬಳಗದ ಗಿಡದ ಕಥೆ ಬೇರೆ. 1997ರಲ್ಲಿ ಕೊಲಂಬಿಯಾ ನೌಕೆಯಲ್ಲಿ (ಕಲ್ಪನಾ ಚಾವ್ಲಾ ಅವರ ಮೊದಲ ಯಾನವೂ ಅದೇ) ಬೆಳೆದ ಆ ಗಿಡದ ಎಲೆಗಳಲ್ಲಿ, ಬೆಳಕು ಹಿಡಿಯುವ ಎರಡು ವ್ಯವಸ್ಥೆಗಳ ಪೈಕಿ ಒಂದು ಸೊರಗಿತ್ತು. ಗೋಧಿಯ ಫಲಿತಾಂಶ ಹಿಡಿದು ಸೊಪ್ಪಿನ ಲೆಕ್ಕ ಹಾಕುವಂತಿಲ್ಲ.

2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಜೊತೆ ಹೆಸರುಕಾಳು, ಮೆಂತ್ಯ ಅದೇ ನಿಲ್ದಾಣಕ್ಕೆ ಹೋದವು. ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಮೊಳಕೆಗೆ ಬೆಳಕಿನ ಹಂಗಿಲ್ಲ, ಬೇಳೆಯೊಳಗಿನ ಬುತ್ತಿಯೇ ಸಾಕು. ಎಲೆಗೆ ಹಾಗಲ್ಲ. ಶುಕ್ಲಾ ಯಾನಕ್ಕೂ ಮೊದಲು, 2024ರ ಡಿಸೆಂಬರ್ 30ರಂದು ಇಸ್ರೋದ ರಾಕೆಟ್ ಎಂಟು ಅಲಸಂದೆ ಬೀಜಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಒಯ್ದಿತ್ತು. ನಾಲ್ಕೇ ದಿನಕ್ಕೆ ಮೊಳಕೆ. ಆಮೇಲೆ, ಕ್ಯಾಮೆರಾದ ಮುಂದೆ, ಎರಡು ಎಲೆ.