ಅಭಿಮಾನಿಗಳೇ ಒಡೆಯರಾದಾಗ: ಫುಟ್‌ಬಾಲ್ ಕ್ಲಬ್‌ಗಳ ಹಸ್ತಾಂತರದಲ್ಲಿ ಉದ್ಯಮಕ್ಕೊಂದು ಪಾಠ

2025ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹವು ಸ್ಥಾಪಿಸಿದ ಈ ಕ್ಲಬ್ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತ್ತು. 2016ರಲ್ಲಿ ಎಎಫ್‌ಸಿ ಕಪ್‌ನ ಅಂತಿಮ ಪಂದ್ಯವನ್ನು ತಲುಪಿತ್ತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಕಿರೀಟ ಧರಿಸಿತ್ತು. ದೇಶದ ಅತ್ಯಂತ ಶಿಸ್ತಿನ ಕ್ಲಬ್‌ಗಳ ಸಾಲಿನಲ್ಲಿ ನಿಲ್ಲುವ ಇದಕ್ಕೆ ಇಂತಹ ಸ್ಥಿತಿ ಬಂದುದು ಆಡಳಿತದ ಲೋಪದಿಂದಲ್ಲ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಹಾಗೂ ಲೀಗ್ ನಡೆಸುವ ಸಂಸ್ಥೆಯ ನಡುವೆ 2010ರಲ್ಲಿ ಏರ್ಪಟ್ಟಿದ್ದ 15 ವರ್ಷಗಳ ಒಪ್ಪಂದದ ಅವಧಿ 2025ರ ಡಿಸೆಂಬರ್‌ಗೆ ಮುಗಿಯಲಿತ್ತು. ನವೀಕರಣವಾಗದೆ ಲೀಗ್ ನಡೆಯುವುದೇ ಅನುಮಾನವಾಯಿತು. ಪಂದ್ಯಗಳಿಲ್ಲದೆ ವರಮಾನವಿಲ್ಲ, ವರಮಾನವಿಲ್ಲದೆ ವೇತನವಿಲ್ಲ ಎಂಬ ಲೆಕ್ಕ ಅದಾಗಿತ್ತು. ಚೆನ್ನೈ ಹಾಗೂ ಒಡಿಶಾದ ಕ್ಲಬ್‌ಗಳೂ ಇದೇ ಬಗೆಯ ಕ್ರಮಕ್ಕೆ ಮುಂದಾದವು.

ಒಂದೇ ದೊಡ್ಡ ಗಿರಾಕಿಯನ್ನು ನಂಬಿ ಯಂತ್ರ ನಡೆಸುವ ಸಣ್ಣ ಕಾರ್ಖಾನೆಯ ಮಾಲೀಕನಿಗೆ ಈ ಪರಿಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಫುಟ್‌ಬಾಲ್ ಕ್ಲಬ್ಬೂ ಒಂದು ಉದ್ಯಮವೇ. ಅದಕ್ಕೂ ದುಡಿಯುವ ಬಂಡವಾಳ ಬೇಕು, ಸಂಬಳದ ದಿನ ಬರುತ್ತದೆ, ಬಾಡಿಗೆ ಕಟ್ಟಬೇಕು. ಆದರೆ ಬೇರೆ ಉದ್ಯಮಗಳಿಗಿಲ್ಲದ ಒಂದು ಆಸ್ತಿ ಅದಕ್ಕಿದೆ. ಸೋತರೂ ಅಂಗಡಿ ಬದಲಿಸದ ಗಿರಾಕಿಯೇ ಆ ಆಸ್ತಿ. ಒಡೆಯ ಕೈಬಿಟ್ಟಾಗ ಈ ಗಿರಾಕಿಯೇ ಒಡೆಯನಾಗಬಹುದೇ ಎಂಬ ಪ್ರಶ್ನೆಗೆ ಕಳೆದ ಎರಡು ದಶಕಗಳಲ್ಲಿ ಹಲವು ಉತ್ತರಗಳು ದೊರೆತಿವೆ. ಅವುಗಳಲ್ಲಿ ಯಶಸ್ಸೂ ಇದೆ, ಎಚ್ಚರಿಕೆಯೂ ಇದೆ.

ಪೋಷಕರ ನೆರಳಿನಲ್ಲಿ ಬೆಳೆದ ಆಟ

ಕರ್ನಾಟಕದಲ್ಲಿ ಫುಟ್‌ಬಾಲ್ ಹೊಸತೇನೂ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ಬಂದ ಸಂತೋಷ್ ಟ್ರೋಫಿ, 54 ವರ್ಷಗಳ ಅಂತರದ ನಂತರ 2023ರಲ್ಲಿ ರಿಯಾದ್‌ನಲ್ಲಿ ಮತ್ತೆ ಕರ್ನಾಟಕದ ಪಾಲಾಯಿತು. ಈ ನಡುವಿನ ದಶಕಗಳಲ್ಲಿ ಆಟವನ್ನು ಪೋಷಿಸಿದವು ಬಹುಮಟ್ಟಿಗೆ ಸಾರ್ವಜನಿಕ ಉದ್ದಿಮೆಗಳು. ಐಟಿಐ, ಎಚ್‌ಎಎಲ್ ತಂಡಗಳ ಆಟಗಾರನಿಗೆ ಕಾರ್ಖಾನೆಯಲ್ಲಿ ಕೆಲಸವಿತ್ತು, ಸಂಜೆ ಮೈದಾನವಿತ್ತು. ಉದ್ದಿಮೆಗಳ ಆದ್ಯತೆ ಬದಲಾದಂತೆ ತಂಡಗಳೂ ಹಿಂದೆ ಸರಿದವು. 2010–11 ಹಾಗೂ 2011–12ರ ಐ-ಲೀಗ್‌ನಲ್ಲಿ ಆಡಿದ ಎಚ್‌ಎಎಲ್, ಆ ಬಳಿಕ ಅಗ್ರ ಶ್ರೇಣಿಗೆ ಮರಳಲಿಲ್ಲ. ಪೋಷಕನ ಮನಸ್ಸು ಬದಲಾದರೆ ತಂಡದ ಗತಿಯೂ ಬದಲಾಗುವುದು ಈ ವ್ಯವಸ್ಥೆಯ ಸ್ವಭಾವ.

ಸದಸ್ಯರ ಕ್ಲಬ್‌ಗಳು ಭಾರತಕ್ಕೆ ಅಪರಿಚಿತವಲ್ಲ. 1889ರಲ್ಲಿ ಹುಟ್ಟಿದ ಕೋಲ್ಕತ್ತದ ಮೋಹನ್ ಬಾಗಾನ್ ಸದಸ್ಯರಿಂದಲೇ ನಡೆದ ಸಂಸ್ಥೆ. ಆದರೆ ಸೂಪರ್ ಲೀಗ್‌ನ ವೆಚ್ಚ ಭರಿಸಲು 2020ರಲ್ಲಿ ಅದರ ಫುಟ್‌ಬಾಲ್ ವಿಭಾಗದ ಶೇ. 80ರಷ್ಟು ಪಾಲು ಆರ್‌ಪಿ–ಸಂಜೀವ್ ಗೋಯೆಂಕಾ ಸಮೂಹಕ್ಕೆ ಹೋಯಿತು. ತಂಡದ ಹೆಸರಿನ ಮುಂದೆ ‘ಎಟಿಕೆ’ ಎಂಬ ಅಕ್ಷರಗಳು ಸೇರಿದ್ದನ್ನು ಅಭಿಮಾನಿಗಳು ಒಪ್ಪಲಿಲ್ಲ. 2023ರಲ್ಲಿ ಅವು ಕಳಚಿಬಿದ್ದವು. ಷೇರು ಯಾರದೇ ಆಗಿರಲಿ, ಹೆಸರು ಜನರದು ಎಂಬುದನ್ನು ಬಂಡವಾಳ ಹೂಡಿದವರೂ ಮನ್ನಿಸಬೇಕಾಯಿತು.

ಹಾರ್ಟ್ಸ್: ಕಂತಿನಲ್ಲಿ ಕೊಂಡ ಕ್ಲಬ್

ಹಸ್ತಾಂತರದ ಅತ್ಯಂತ ಕ್ರಮಬದ್ಧ ಉದಾಹರಣೆ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿದೆ. ಹಾರ್ಟ್ ಆಫ್ ಮಿಡ್ಲೋಥಿಯನ್ ಕ್ಲಬ್ಬಿನ ಒಡೆತನ ಲಿಥುವೇನಿಯಾದ ಬ್ಯಾಂಕ್ ಉದ್ಯಮಿಯೊಬ್ಬರ ಕೈಯಲ್ಲಿತ್ತು. 2013ರಲ್ಲಿ ಬ್ಯಾಂಕ್ ಕುಸಿಯಿತು. ಕ್ಲಬ್ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಭಿಮಾನಿಗಳು ಅದಾಗಲೇ ‘ಫೌಂಡೇಶನ್ ಆಫ್ ಹಾರ್ಟ್ಸ್’ ಎಂಬ ಸಂಸ್ಥೆ ಕಟ್ಟಿಕೊಂಡಿದ್ದರು. ಆದರೆ ಸಾವಿರಾರು ಜನ ತಿಂಗಳಿಗಿಷ್ಟು ಎಂದು ಕೊಡಬಲ್ಲ ಹಣ, ಸಾಲಗಾರರಿಗೆ ಒಮ್ಮೆಲೇ ಕಟ್ಟಬೇಕಾದ ಮೊತ್ತಕ್ಕೆ ಸಾಲದು. ಈ ಅಂತರವನ್ನು ತುಂಬಿದವರು ಮಾಹಿತಿ ತಂತ್ರಜ್ಞಾನ ಉದ್ಯಮದಲ್ಲಿ ಹೆಸರು ಮಾಡಿದ್ದ ಆ್ಯನ್ ಬಜ್. 25 ಲಕ್ಷ ಪೌಂಡ್ ಹಾಕಿ 2014ರಲ್ಲಿ ಅವರು ಕ್ಲಬ್ಬನ್ನು ಕೊಂಡರು. ಮುಂದೊಂದು ದಿನ ಅದನ್ನು ಅಭಿಮಾನಿಗಳಿಗೆ ಒಪ್ಪಿಸುವುದೆಂದು ಮೊದಲೇ ಕರಾರಾಗಿತ್ತು.

ಸುಮಾರು 8,000 ಮಂದಿ ತಿಂಗಳ ಕಂತು ಕಟ್ಟಿದರು. ಆ ಹಣ ಮೊದಲು ದೈನಂದಿನ ವೆಚ್ಚಕ್ಕೆ, ಬಳಿಕ ಕ್ರೀಡಾಂಗಣದ ಹೊಸ ಗ್ಯಾಲರಿಗೆ, ಆಮೇಲೆ ಬಜ್ ಅವರ ಸಾಲ ತೀರಿಸಲು ವಿನಿಯೋಗವಾಯಿತು. 2014ರಲ್ಲಿ ಕೆಳ ಶ್ರೇಣಿಗೆ ಜಾರಿದ್ದ ತಂಡ ಮರು ವರ್ಷವೇ ಮೇಲೆ ಬಂದಿತು. 2021ರ ಆಗಸ್ಟ್ 30ರಂದು ಶೇ. 75.1ರಷ್ಟು ಷೇರುಗಳು ಫೌಂಡೇಶನ್ನಿಗೆ ವರ್ಗವಾದವು. ಐದು ವರ್ಷಗಳಲ್ಲಿ ಮುಗಿಯಬೇಕೆಂದಿದ್ದ ಕಾರ್ಯಕ್ಕೆ ಏಳು ವರ್ಷ ಹಿಡಿಯಿತು. ಆದರೆ ಕರಾರು ಮುರಿಯಲಿಲ್ಲ.

ಉದ್ಯಮಿಗಳು ಗಮನಿಸಬೇಕಾದ ಮತ್ತೊಂದು ಅಂಶ ಇಲ್ಲಿದೆ. ಒಡೆತನ ಅಭಿಮಾನಿಗಳದಾದರೂ ದಿನನಿತ್ಯದ ಆಡಳಿತ ಅವರದಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೊಳ್ಳಬೇಕು ಎಂಬುದನ್ನು ಸಂಬಳ ಪಡೆಯುವ ವೃತ್ತಿಪರರು ತೀರ್ಮಾನಿಸುತ್ತಾರೆ. ಕ್ಲಬ್ಬಿನ ಮಾರಾಟದಂತಹ ಮೂಲಭೂತ ವಿಷಯಗಳಿಗೆ ಮಾತ್ರ ಸದಸ್ಯರ ಮತ ಬೇಕು. 2025ರಲ್ಲಿ ಇಂಗ್ಲೆಂಡಿನ ಉದ್ಯಮಿ ಟೋನಿ ಬ್ಲೂಮ್ ಅವರಿಂದ 98.6 ಲಕ್ಷ ಪೌಂಡ್ ಬಂಡವಾಳ ಪಡೆದಾಗಲೂ ಅವರಿಗೆ ದೊರೆತದ್ದು ಮತದಾನದ ಹಕ್ಕಿಲ್ಲದ ಶೇ. 29ರ ಪಾಲು. ಹಣ ಬೇಕು, ಚುಕ್ಕಾಣಿ ಬಿಡಬಾರದು ಎಂಬ ಇಕ್ಕಟ್ಟನ್ನು ಹೀಗೆ ಬಿಡಿಸಿಕೊಳ್ಳಲಾಯಿತು.

ವಿಂಬಲ್ಡನ್ ಮತ್ತು ಪೋರ್ಟ್ಸ್‌ಮತ್

2002ರಲ್ಲಿ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಒಯ್ಯಲು ಅನುಮತಿ ದೊರೆಯಿತು. ತಂಡವನ್ನು ಕಳೆದುಕೊಂಡ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಸ್ಥಾಪಿಸಿ, ಸಾರ್ವಜನಿಕ ಬಯಲಿನಲ್ಲಿ ಆಟಗಾರರನ್ನು ಆರಿಸಿಕೊಂಡರು. ಒಂಬತ್ತನೆಯ ಶ್ರೇಣಿಯಿಂದ ಆರಂಭಿಸಿ ಒಂಬತ್ತು ಋತುಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿದರು. ಹಳೆಯ ಬಡಾವಣೆಯಲ್ಲಿಯೇ ಕ್ರೀಡಾಂಗಣ ಕಟ್ಟುವಾಗ ಹಣ ಸಾಲದೆ ಬಂದಾಗ, ಹೊರಗಿನ ಹೂಡಿಕೆದಾರರಿಗೆ ಪಾಲು ಮಾರುವ ಬದಲು ಅಭಿಮಾನಿಗಳಿಗೇ ಸಾಲಪತ್ರ ನೀಡಿ 50 ಲಕ್ಷ ಪೌಂಡಿಗೂ ಹೆಚ್ಚು ಸಂಗ್ರಹಿಸಲಾಯಿತು. 2020ರ ನವೆಂಬರ್‌ನಲ್ಲಿ ಹೊಸ ಕ್ರೀಡಾಂಗಣದಲ್ಲಿ ಪಂದ್ಯ ನಡೆಯಿತು.

ಪೋರ್ಟ್ಸ್‌ಮತ್ ಕಥೆ ಬೇರೆ ದಿಕ್ಕಿನದು. 2008ರಲ್ಲಿ ಎಫ್‌ಎ ಕಪ್ ಗೆದ್ದ ಈ ಕ್ಲಬ್ ಎರಡೇ ವರ್ಷಗಳಲ್ಲಿ ದಿವಾಳಿಯ ಅಂಚಿಗೆ ಬಂದಿತು. 2013ರಲ್ಲಿ ತಲಾ 1,000 ಪೌಂಡ್ ಷೇರು ಕೊಂಡ 2,000ಕ್ಕೂ ಹೆಚ್ಚು ಅಭಿಮಾನಿಗಳು ಅದನ್ನು ಉಳಿಸಿಕೊಂಡರು. 2014ರ ಹೊತ್ತಿಗೆ ಹಳೆಯ ಬಾಕಿಗಳೆಲ್ಲ ತೀರಿದವು. ಆದರೆ ಶತಮಾನ ಕಳೆದ ಕ್ರೀಡಾಂಗಣದ ದುರಸ್ತಿಗೆ ಬೇಕಾದ ಹಣ ಅವರ ಶಕ್ತಿಯನ್ನು ಮೀರಿದ್ದಾಗಿತ್ತು. 2017ರಲ್ಲಿ ಭಾರೀ ಬಹುಮತದಿಂದ ಅಮೆರಿಕದ ಮೈಕೆಲ್ ಐಸ್ನರ್ ಅವರ ಸಂಸ್ಥೆಗೆ ಕ್ಲಬ್ಬನ್ನು ಮಾರಲು ಒಪ್ಪಿದರು. ಇದನ್ನು ಸೋಲೆನ್ನುವವರಿದ್ದಾರೆ. ಆದರೆ ಮುಳುಗುತ್ತಿದ್ದ ಸಂಸ್ಥೆಯನ್ನು ದಡ ಸೇರಿಸಿ, ಸಾಲವಿಲ್ಲದೆ, ತಮ್ಮ ಇಚ್ಛೆಯಂತೆ, ತಾವೇ ಆರಿಸಿದವರಿಗೆ ಒಪ್ಪಿಸುವುದು ವ್ಯಾಪಾರದ ಭಾಷೆಯಲ್ಲಿ ಸೋಲಲ್ಲ.

ಎಚ್ಚರಿಕೆಯ ಪುಟಗಳು

ಎಲ್ಲ ಪ್ರಯೋಗಗಳೂ ಫಲಿಸಿಲ್ಲ. 2008ರಲ್ಲಿ ಇಂಗ್ಲೆಂಡಿನ ಎಬ್ಸ್‌ಫ್ಲೀಟ್ ಯುನೈಟೆಡ್ ಕ್ಲಬ್ಬಿನ ಬಹುಪಾಲು ಷೇರನ್ನು ಅಂತರ್ಜಾಲದ ಮೂಲಕ ಒಗ್ಗೂಡಿದ ಸಾವಿರಾರು ಮಂದಿ ತಲಾ 35 ಪೌಂಡ್ ಹಾಕಿ ಕೊಂಡರು. ಅವರಲ್ಲಿ ಹೆಚ್ಚಿನವರು ಆ ಊರಿನವರಲ್ಲ. ಹೊಸತನ ಮಾಸಿದಂತೆ ಬಹುಪಾಲು ಜನ ಸದಸ್ಯತ್ವ ನವೀಕರಿಸಲಿಲ್ಲ. 2013ರಲ್ಲಿ ಪ್ರಯೋಗ ಕೊನೆಗೊಂಡಿತು. ದೂರದ ಸಾವಿರ ಜನರಿಗಿಂತ ಊರಿನ ನೂರು ಜನ ಮೇಲು ಎಂಬುದು ಅದರ ಪಾಠ.

ಸದಸ್ಯರೇ ಅಧ್ಯಕ್ಷರನ್ನು ಆರಿಸುವ ಬಾರ್ಸಿಲೋನಾ ಕ್ಲಬ್ ಕೂಡ 2021ರಲ್ಲಿ 135 ಕೋಟಿ ಯೂರೋ ಸಾಲದ ಹೊರೆಯಲ್ಲಿತ್ತು. ಲಿಯೊನೆಲ್ ಮೆಸ್ಸಿಯನ್ನು ಉಳಿಸಿಕೊಳ್ಳಲು ಅದಕ್ಕೆ ಸಾಧ್ಯವಾಗಲಿಲ್ಲ. ಚುನಾವಣೆ ಗೆಲ್ಲಲು ದೊಡ್ಡ ಆಟಗಾರರ ಆಸೆ ತೋರಿಸುವ ಅಧ್ಯಕ್ಷ, ಕಂತು ಕಟ್ಟಬೇಕಾದ ಹೊತ್ತಿಗೆ ಅಧಿಕಾರದಲ್ಲಿರುವುದಿಲ್ಲ. ಒಡೆತನ ಬದಲಾದ ಮಾತ್ರಕ್ಕೆ ಲೆಕ್ಕಪತ್ರ ತಾನಾಗಿ ಸರಿಹೋಗದು.

ಜರ್ಮನಿ ಮಧ್ಯಮಾರ್ಗ ಹಿಡಿದಿದೆ. ಅಲ್ಲಿ 1998ರಿಂದ ಕ್ಲಬ್‌ಗಳು ಕಂಪನಿಯಾಗಬಹುದು, ಹೂಡಿಕೆದಾರರನ್ನು ಸೇರಿಸಿಕೊಳ್ಳಬಹುದು. ಆದರೆ ಮತಗಳ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮೂಲ ಸದಸ್ಯ ಸಂಸ್ಥೆಯ ಬಳಿಯೇ ಇರತಕ್ಕದ್ದು. ಬಯರ್ನ್ ಮ್ಯೂನಿಕ್‌ನಲ್ಲಿ ಅಡಿಡಾಸ್, ಔಡಿ, ಅಲಿಯಾಂಜ್ ಮೂರೂ ಸೇರಿ ಹೊಂದಿರುವುದು ಶೇ. 25ರಷ್ಟು ಪಾಲನ್ನು, ಉಳಿದ ಶೇ. 75 ಸದಸ್ಯರ ಸಂಸ್ಥೆಯದು.

ಕನ್ನಡ ನಾಡಿನ ಅನುಭವ

ಬಳಸುವವರು ಅಥವಾ ದುಡಿಯುವವರು ಸಂಸ್ಥೆಯನ್ನು ವಹಿಸಿಕೊಳ್ಳುವುದು ಕರ್ನಾಟಕಕ್ಕೆ ಹೊಸ ಮಾತಲ್ಲ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಆರಂಭಿಸಿದ ಸಹಕಾರ ಸಂಘದಿಂದ ಈ ಪರಂಪರೆ ಮೊದಲಾಗುತ್ತದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರೇ ಸಹಕಾರ ಸಂಘ ಕಟ್ಟಿ ಅವುಗಳನ್ನು ವಹಿಸಿಕೊಂಡರು. ಅಂತಹ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅಡಿಕೆಯ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪಿಸಿದರು; ಪುತ್ತೂರಿನ ಚಾಕೊಲೇಟ್ ಕಾರ್ಖಾನೆಯವರೆಗೆ ಅದು ಬೆಳೆಯಿತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ದೊಡ್ಡಬಳ್ಳಾಪುರ–ಗೌರಿಬಿದನೂರು ರೈಲು ಮಾರ್ಗದಲ್ಲಿರುವ ಮಾಕಳಿದುರ್ಗವನ್ನು ಹೊರಗಿನವರು ಬೆಟ್ಟದ ಮೇಲಿನ ಕೋಟೆಯಿಂದ ಬಲ್ಲರು. ಸುತ್ತಲಿನ ಸೀಮೆ ಹಾಲು ಉತ್ಪಾದಕರ ಸಂಘಗಳದ್ದು. ಕೆಳಗಿನ ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಹಾಲಿನ ಸಂಘದಲ್ಲಿ ಹಾಕಿದ ಹಾಲಿನ ಅಳತೆ, ಕೊಬ್ಬಿನ ಅಂಶ, ಬಟವಾಡೆಯ ಮೊತ್ತ ಎಲ್ಲವೂ ಸದಸ್ಯನ ಕಣ್ಣೆದುರು ದಾಖಲಾಗುತ್ತವೆ; ವರ್ಷಕ್ಕೊಮ್ಮೆ ಲೆಕ್ಕ ಸಭೆಯ ಮುಂದೆ ಬರುತ್ತದೆ. ತಾಲ್ಲೂಕು ಮಟ್ಟದ ಕ್ರೀಡಾ ಕ್ಲಬ್ಬೊಂದು ನಡೆಯಲು ಇದಕ್ಕಿಂತ ಹೆಚ್ಚಿನ ಶಿಸ್ತು ಬೇಕಾಗಿಲ್ಲ. ತಿಂಗಳಿಗೆ 100 ರೂ. ಕೊಡುವ 1,000 ಸದಸ್ಯರಿದ್ದರೆ ವರ್ಷಕ್ಕೆ 12 ಲಕ್ಷ ರೂ. ಕೂಡುತ್ತದೆ. ಈ ಮೊತ್ತದಿಂದ ಸೂಪರ್ ಲೀಗ್ ತಂಡ ನಡೆಯದು. ಆದರೆ ತರಬೇತುದಾರರ ಸಂಬಳ, ಚೆಂಡು, ಬೂಟು, ಪ್ರಯಾಣ, ಮೈದಾನದ ನಿರ್ವಹಣೆಗಳಿಗೆ ಪ್ರಾಯೋಜಕರ ಬಾಗಿಲು ಕಾಯುವ ಅಗತ್ಯ ಬೀಳದು.

ಕಾನೂನಿನ ಚೌಕಟ್ಟು

ಹಣ ಸಂಗ್ರಹಿಸುವ ಮುನ್ನ ಸಂಸ್ಥೆಯ ಸ್ವರೂಪವನ್ನು ನಿರ್ಧರಿಸುವುದು ಅವಶ್ಯ. ಸಾಮಾನ್ಯ ಕ್ರೀಡಾ ಕ್ಲಬ್ಬಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ ಸುಲಭದ ದಾರಿ. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ತತ್ತ್ವ ಮುಖ್ಯವೆನಿಸಿದರೆ 1959ರ ಸಹಕಾರ ಸಂಘಗಳ ಅಧಿನಿಯಮ ಅಥವಾ 1997ರ ಸೌಹಾರ್ದ ಸಹಕಾರಿ ಅಧಿನಿಯಮದ ಅಡಿಯಲ್ಲಿ ಸಾಧ್ಯತೆಗಳನ್ನು ಪರಿಶೀಲಿಸಬಹುದು. ಖಾಸಗಿ ಕಂಪನಿಗೆ 2013ರ ಕಂಪನಿ ಅಧಿನಿಯಮವು 200 ಸದಸ್ಯರ ಮಿತಿ ವಿಧಿಸಿರುವುದರಿಂದ ಸಾವಿರಾರು ಅಭಿಮಾನಿಗಳಿಗೆ ಅದು ಹೊಂದದು. ಲಾಭ ಹಂಚದ, ಆದರೆ ಕಂಪನಿಯ ಶಿಸ್ತು ಬೇಕೆನ್ನುವವರಿಗೆ ಅದೇ ಅಧಿನಿಯಮದ 8ನೇ ಪ್ರಕರಣವಿದೆ.

ಅಭಿಮಾನಿಯ ಹಣಕ್ಕೆ ಬಡ್ಡಿಯ ಅಥವಾ ಲಾಭದ ಆಸೆ ತೋರಿಸುವುದು ಅಪಾಯಕಾರಿ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಅಧಿನಿಯಮದ ದೃಷ್ಟಿಯಲ್ಲಿ ಅದು ಅಪರಾಧವಾಗುವ ಸಂಭವವಿದೆ. ಸದಸ್ಯತ್ವ ಶುಲ್ಕ ಶುಲ್ಕವಾಗಿಯೇ ಇರಲಿ. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಗ್ರಾಮೀಣ ಹಾಗೂ ಮಾನ್ಯತೆ ಪಡೆದ ಕ್ರೀಡೆಗಳ ತರಬೇತಿಗೆ ನೆರವು ಪಡೆಯಲು ಅವಕಾಶವಿದೆ. ಜಾಹೀರಾತಿನ ಲಾಭಕ್ಕಾಗಿ ಮಾಡುವ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಸೇರದು.

ಹಸ್ತಾಂತರದ ಕ್ರಮ

ಮೇಲಿನ ಉದಾಹರಣೆಗಳಿಂದ ಕೆಲವು ಸೂತ್ರಗಳು ಹೊರಡುತ್ತವೆ. ಮೊದಲನೆಯದಾಗಿ, ಬಿಕ್ಕಟ್ಟು ಬರುವ ಮೊದಲೇ ಅಭಿಮಾನಿಗಳ ಸಂಸ್ಥೆ ನೋಂದಣಿಯಾಗಿರಬೇಕು. ಹಾರ್ಟ್ಸ್ ಉಳಿದದ್ದು ಈ ಮುಂದಾಲೋಚನೆಯಿಂದ. ಎರಡನೆಯದಾಗಿ, ಸಾಲವೆಷ್ಟು, ಬಾಕಿಯೆಷ್ಟು, ಮೈದಾನ ಯಾರ ಹೆಸರಿನಲ್ಲಿದೆ ಎಂಬ ಪೂರ್ಣ ವಿವರ ಸದಸ್ಯರ ಮುಂದಿಡಬೇಕು. ಮೂರನೆಯದಾಗಿ, ಹಸ್ತಾಂತರ ಹಂತಹಂತವಾಗಿ, ಲಿಖಿತ ಕರಾರಿನಂತೆ ನಡೆಯಬೇಕು. ನಾಲ್ಕನೆಯದಾಗಿ, ಹೆಸರು, ಬಣ್ಣ, ಊರು, ಮೈದಾನ ಇವುಗಳನ್ನು ವಿಶೇಷ ಬಹುಮತವಿಲ್ಲದೆ ಬದಲಿಸಲಾಗದಂತೆ ಉಪವಿಧಿಯಲ್ಲಿ ಬರೆಯಬೇಕು. ಐದನೆಯದಾಗಿ, ಒಡೆತನವನ್ನೂ ಆಡಳಿತವನ್ನೂ ಬೇರ್ಪಡಿಸಬೇಕು. ಕೊನೆಯದಾಗಿ, ಬರುವ ಹಣಕ್ಕಿಂತ ಹೆಚ್ಚಿನ ಸಂಬಳದ ಕರಾರಿಗೆ ಯಾರೂ ಸಹಿ ಹಾಕಕೂಡದು.

ಈ ಸೂತ್ರಗಳು ಫುಟ್‌ಬಾಲಿಗೆ ಮಾತ್ರ ಸೀಮಿತವಲ್ಲ. ಮಕ್ಕಳು ಬೇರೆ ವೃತ್ತಿ ಹಿಡಿದುದರಿಂದ ಉತ್ತರಾಧಿಕಾರಿಯಿಲ್ಲದ ಮಗ್ಗದ ಘಟಕ, ಪಾಲುದಾರರು ಬೇರೆಯಾಗಲಿರುವ ಅಂಗಡಿ, ಬಾಗಿಲು ಹಾಕಲು ಸಿದ್ಧವಾಗಿರುವ ಸಣ್ಣ ಕಾರ್ಖಾನೆ ಇವೆಲ್ಲದರ ಮುಂದೆಯೂ ಸಾಮಾನ್ಯವಾಗಿ ಎರಡೇ ದಾರಿ ಕಾಣುತ್ತವೆ: ಮಾರುವುದು, ಇಲ್ಲವೇ ಮುಚ್ಚುವುದು. ದುಡಿಯುವವರಿಗೆ ಹಾಗೂ ಕೊಳ್ಳುವವರಿಗೆ ಕಂತಿನ ಮೇಲೆ ಒಪ್ಪಿಸುವುದು ಮೂರನೆಯ ದಾರಿ. ಆ್ಯನ್ ಬಜ್ ಅವರಂತೆ ಹಾಕಿದ ಹಣವನ್ನು ಹಿಂಪಡೆದು, ಸಂಸ್ಥೆಯನ್ನೂ ಉಳಿಸಿ ಹೊರಬರಲು ಅದರಲ್ಲಿ ಅವಕಾಶವಿದೆ. ಅದಕ್ಕೆ ಏಳು ವರ್ಷ ಹಿಡಿಯಬಹುದಾದ್ದರಿಂದ, ನಿವೃತ್ತಿಯ ವಯಸ್ಸು ಸಮೀಪಿಸಿರುವ ಉದ್ಯಮಿಗಳು ತಮ್ಮ ಲೆಕ್ಕಪರಿಶೋಧಕರೊಡನೆ ಈ ಮಾತನ್ನು ಇಂದೇ ಆರಂಭಿಸುವುದು ಒಳಿತು.