ಹೊಸ ಬಸವನಹುಳು ಅಂತ ಹೇಳೋದು ಯಾವಾಗ?

ಕ್ಲಬ್ಬಿನಲ್ಲಿ ಸೇಡಂ, ಚಿತ್ತಾಪುರ ಕಡೆಯ ನಾವು ನಾಲ್ಕು ಜನ ಇದ್ದೀವಿ. ಹೋದ ರಜೆಯಲ್ಲಿ ಮನೆಯ ಶಹಾಬಾದಿ ಫರಸಿಯನ್ನು ಮೊಬೈಲ್ ಟಾರ್ಚ್ ಹಾಕಿ ಹುಡುಕಿದ್ವಿ. ಈ ಕಲ್ಲು ಒಂದು ಕಾಲದ ಸಮುದ್ರದ ತಳ ತಾನೇ, ಎಲ್ಲಾದರೂ ಒಂದು ಶಂಖ ಸಿಗಬಹುದು ಅಂತ. ಸಿಗಲಿಲ್ಲ. ಸಿಗೋದೂ ಇಲ್ಲ. ಈ ಸುಣ್ಣದ ಕಲ್ಲು 54 ಕೋಟಿ ವರ್ಷಕ್ಕಿಂತ ಹಳೆಯದು, ಆಗಿನ್ನೂ ಬಸವನಹುಳುಗಳೇ ಹುಟ್ಟಿರಲಿಲ್ಲ!

ಆದರೆ ಸಮುದ್ರ ಬಿಟ್ಟು ಬೆಟ್ಟ ಹತ್ತಿದ ಬಸವನಹುಳು ನಮ್ಮ ರಾಜ್ಯದಲ್ಲೇ ಇದೆ. ಲಿಟೊರಿನಿಡೆ ಅನ್ನೋ ಕುಟುಂಬದವು ಸಾಮಾನ್ಯವಾಗಿ ಕಡಲ ದಂಡೆಯ ಬಂಡೆಗಳಿಗೆ ಅಂಟಿಕೊಂಡಿರುತ್ತವೆ. ಅದರಲ್ಲಿ ಕ್ರೆಮ್ನೊಕಾಂಕಸ್ ಅನ್ನೋ ಒಂದು ಗುಂಪು ಮಾತ್ರ ಸಹ್ಯಾದ್ರಿಯ ಸಿಹಿನೀರಿನಲ್ಲಿ, ಜಲಪಾತದ ಹನಿ ಬಿದ್ದು ಸದಾ ಒದ್ದೆಯಾಗಿರುವ ಬಂಡೆಗಳ ಮೇಲೆ ಬದುಕುತ್ತದೆ. ಬೆರಳ ತುದಿಯ ಮೇಲೆ ಕೂರುವಷ್ಟು ಸಣ್ಣದು. 1869ರಲ್ಲಿ ಈ ಗುಂಪಿಗೆ ಹೆಸರಿಟ್ಟ ಬ್ಲ್ಯಾನ್‌ಫೋರ್ಡ್ ಭೂವಿಜ್ಞಾನಿ. 2013ರಲ್ಲಿ ಲಂಡನ್ ಮ್ಯೂಸಿಯಂನ ಡೇವಿಡ್ ರೀಡ್, ಬೆಂಗಳೂರಿನ ಎನ್. ಎ. ಅರವಿಂದ್, ಉಡುಪಿಯ ಎನ್. ಎ. ಮಧ್ಯಸ್ಥ ಸೇರಿ ಇದರಲ್ಲಿ ಇನ್ನೂ ಆರು ಹೊಸ ಪ್ರಭೇದಗಳನ್ನು ವಿವರಿಸಿದರು.

ಹೊಸದು ಅಂತ ಹೇಳೋದು ಹೇಗೆ? ಕಷ್ಟ ಇರೋದೇ ಇಲ್ಲಿ. ಮೊದಲು ಇದು ಹಳೆಯದಲ್ಲ ಅಂತ ತೋರಿಸಬೇಕು. ಅಂದ್ರೆ ಮ್ಯೂಸಿಯಂಗಳಲ್ಲಿರುವ ನೂರಾರು ವರ್ಷದ ಚಿಪ್ಪುಗಳ ಪಕ್ಕ ನಮ್ಮ ಚಿಪ್ಪನ್ನು ಇಟ್ಟು ನೋಡಬೇಕು. ಚಿಪ್ಪೊಂದನ್ನೇ ನಂಬೋ ಹಾಗೂ ಇಲ್ಲ. ಒಂದೇ ಪ್ರಭೇದ ಜಾಗದಿಂದ ಜಾಗಕ್ಕೆ ಬೇರೆ ಆಕಾರ ತಾಳುತ್ತದೆ. ಅದಕ್ಕೇ ಒಳಗಿನ ಅಂಗಗಳನ್ನು ಬಿಡಿಸಿ ನೋಡುತ್ತಾರೆ, ನಾಲಿಗೆಯ ಮೇಲಿನ ಹಲ್ಲುಗಳ ಸಾಲನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹೌದು, ಬಸವನಹುಳುವಿನ ನಾಲಿಗೆ ಒಂದು ಅರ, ಫೈಲ್! ಆಳ ಸಮುದ್ರದ ಹುಳುಗಳಲ್ಲಿ ಇದು ಇನ್ನೂ ಕಷ್ಟ. ತಳದ ಕೆಸರು ಎತ್ತಿ ಸೋಸಿದರೆ ಎರಡು ಮಿಲಿಮೀಟರಿನ ಚಿಪ್ಪು ಸಿಗಬಹುದು, ಎಷ್ಟೋ ಸಲ ಒಳಗೆ ಹುಳುವೇ ಇರೋದಿಲ್ಲ. ನಾಲಿಗೆ ಇಲ್ಲ, ಅಂಗಾಂಗ ಇಲ್ಲ, ಖಾಲಿ ಮನೆ ನೋಡಿ ಇದ್ದವರು ಯಾರು ಅಂತ ಹೇಳಬೇಕು.

ಆಮೇಲೆ ಒಂದೇ ಒಂದು ಮಾದರಿಯನ್ನು ಆರಿಸಿ ಅದಕ್ಕೆ ಹೋಲೋಟೈಪ್ ಅಂತ ಚೀಟಿ ಅಂಟಿಸಿ ಮ್ಯೂಸಿಯಂಗೆ ಕೊಡುತ್ತಾರೆ. 2019ರವರೆಗೆ ಪ್ಯಾರಿಸ್ ಹತ್ತಿರ ಇಟ್ಟಿದ್ದ ಆ ಲೋಹದ ತುಂಡೇ ಕಿಲೋಗ್ರಾಂ ಆಗಿತ್ತಲ್ಲ, ಹಂಗೇ. ಮುಂದೆ ಯಾರಿಗೇ ಅನುಮಾನ ಬಂದರೂ ಆ ಚಿಪ್ಪಿನ ಹತ್ತಿರವೇ ಹೋಗಬೇಕು.

ಹೆಸರು ಕೊನೆಯ ಕೆಲಸ. ಎರಡು ಪದ, ಲ್ಯಾಟಿನ್ ಅಕ್ಷರ. ಆಗುಂಬೆಯದು ಅಂತ ಅಗುಂಬೆನ್ಸಿಸ್. ನಮ್ಮದೇ ಹೆಸರು ಇಟ್ಟುಕೊಳ್ಳಬಹುದಾ ಅಂತ ನಮ್ಮಲ್ಲೊಬ್ಬ ಕೇಳಿದ. ನಿಯಮ ತಡೆಯೋದಿಲ್ಲ, ಆದರೆ ಎಲ್ಲರೂ ನಗುತ್ತಾರೆ.

ಹೆಸರಿನಲ್ಲೂ ಒಂದು ಉಪಾಯ ಇರಬಹುದು. 2014ರಲ್ಲಿ ವರ್ಮ್ಯೂಲೆನ್ ಮತ್ತು ಮರ್ಜುಕಿ ಮಲೇಷ್ಯಾದ ಗುನುಂಗ್ ಕಂಥಾನ್ ಅನ್ನೋ ಸುಣ್ಣದ ಕಲ್ಲಿನ ಗುಡ್ಡದ ಒಂದು ಪುಟ್ಟ ನೆಲದ ಹುಳುವಿಗೆ ಚರೋಪಾ ಲಫಾರ್ಜೈ ಅಂತ ಹೆಸರಿಟ್ಟರು. ಅದು ಸಿಕ್ಕಿರೋದು ಆ ಒಂದು ಗುಡ್ಡದಲ್ಲಿ ಮಾತ್ರ. ಅಲ್ಲೇ ಕಲ್ಲು ತೆಗೆಯುತ್ತಿದ್ದ ಸಿಮೆಂಟ್ ಕಂಪನಿಯ ಹೆಸರು ಲಫಾರ್ಜ್. ಹುಳು ಅಳಿದರೆ ಅಳಿಯೋದು ಕಂಪನಿಯ ಹೆಸರಿನ ಹುಳು.

ಇದನ್ನು ಓದಿದಾಗ ನಾವು ನಾಲ್ವರೂ ಸ್ವಲ್ಪ ಹೊತ್ತು ಸುಮ್ಮನಾದ್ವಿ. ಸುಣ್ಣದ ಕಲ್ಲು, ಗಣಿ, ಸಿಮೆಂಟ್ ಲಾರಿ ನೋಡಿಕೊಂಡೇ ಬೆಳೆದವರು ನಾವು. ನಮ್ಮ ಮನೆಗಳಲ್ಲಿ ಅರ್ಧ ಊಟ ಅದರಿಂದಲೇ. ಗಣಿಯ ಅಂಚಿನ ಕಲ್ಲುಗಳ ಕೆಳಗೆ ಯಾವ ಹುಳು ಇದೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಚಿಂಚೋಳಿ ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಏನನ್ನೂ ಹೆಕ್ಕುವಂತಿಲ್ಲ. ಹಾಗಾಗಿ ಈ ಮಳೆಗಾಲಕ್ಕೆ ನಮ್ಮ ಹೊಲದ ಬದುವಿನಿಂದಲೇ ಶುರು. ಹಿಟ್ಟು ಸೋಸುವ ಹಳೆ ಸಾಣಿಗೆ ಒಂದು, ಭೂತಗನ್ನಡಿ ಒಂದು, ಫೋಟೋದಲ್ಲಿ ಅಳತೆಗೆ ಪಕ್ಕದಲ್ಲಿಡಲು ಹತ್ತು ರೂಪಾಯಿ ನಾಣ್ಯ. ಬರುವವರು ಕ್ಲಬ್ ಗ್ರೂಪಿನಲ್ಲಿ ಹೆಸರು ಹಾಕಿ.