ಬೂಟು ಹಾಕಿದ ಮೇಷ್ಟ್ರು

ಈ ಜೂನ್‌ನಲ್ಲಿ ನನ್ನ ಮಗಳಿಗೆ ಪುಣೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಿಲ್ಡಿಂಗಿನವರಿಗೆಲ್ಲ ಪೇಢೆ ಹಂಚಿ ಬಂದವಳು ಮೊದಲು ಮಾಡಿದ್ದೆಂದರೆ, ತನ್ನ ಫುಟ್‌ಬಾಲ್ ಬೂಟುಗಳನ್ನು ಅಟ್ಟಕ್ಕೆ ಹಾಕಿದ್ದು. "ಯಾಕೇ?" ಅಂದೆ. "ಟೀಚರ್ ಆದಮೇಲೆ ಯಾರಾದ್ರೂ ಆಟ ಆಡ್ತಾರೇನಮ್ಮಾ?" ಅಂದಳು. ಮುಖ ಮಾತ್ರ ಸಪ್ಪಗಿತ್ತು.

ಆಗ ನಾನು ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಕಥಾನಾಯಕರು ಕನ್ನಡದವರಲ್ಲ, ಕಲ್ಕತ್ತೆಯ ಸುಧೀರ್ ಚಟರ್ಜಿ.

1911ರ ಜುಲೈ 29, ಐ.ಎಫ್.ಎ. ಶೀಲ್ಡ್ ಫೈನಲ್. ಒಂದು ಕಡೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬ್ರಿಟಿಷ್ ಸೈನಿಕರು, ಇನ್ನೊಂದು ಕಡೆ ಮೋಹನ್ ಬಗಾನ್ ಕ್ಲಬ್ಬಿನ ಹನ್ನೊಂದು ಜನ. ಅವರಲ್ಲಿ ಹತ್ತು ಮಂದಿ ಬರಿಗಾಲಿನವರು! ಸೈನಿಕರ ಗಟ್ಟಿ ಬೂಟುಗಳೆದುರು ಬರಿಗಾಲು ಎಂದರೆ ಹೇಗಿದ್ದೀತು, ನೀವೇ ಯೋಚಿಸಿ. ಬೂಟು ಹಾಕಿದ್ದವರು ಡಿಫೆನ್ಸ್‌ನಲ್ಲಿದ್ದ ಚಟರ್ಜಿ ಒಬ್ಬರೇ. ಅವರು ಭವಾನೀಪುರದ ಲಂಡನ್ ಮಿಷನರಿ ಸೊಸೈಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು.

ಮೊದಲ ಗೋಲು ಸೈನಿಕರದ್ದು. ಆಟ ಮುಗಿಯುತ್ತ ಬಂದಾಗ ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದರು, ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. 2–1! ಭಾರತೀಯ ತಂಡವೊಂದು ಆ ಶೀಲ್ಡ್ ಗೆದ್ದದ್ದು ಅದೇ ಮೊದಲು. ಹೆಸರೆಲ್ಲ ಗೋಲು ಹೊಡೆದವರಿಗೇ ಹೋಯಿತೆನ್ನಿ, ಹಿಂದೆ ನಿಂತು ತಡೆದವರನ್ನು ಕೇಳುವವರು ಕಡಿಮೆ. ಅಡುಗೆಮನೆಯಲ್ಲೂ ಹಾಗೇ ತಾನೆ!

ಆಗ ಆಟದಿಂದ ಸಂಬಳವಿರಲಿಲ್ಲ. ಹೊಟ್ಟೆಗೆ ಬೇರೆ ಕೆಲಸ, ಸಂಜೆಗೆ ಮೈದಾನ. ಚಟರ್ಜಿ ಮುಂದೆ ಪಾದ್ರಿಯೂ ಆದರು. ರೆವರೆಂಡ್ ಸುಧೀರ್ ಚಟರ್ಜಿ ಎಂದೇ ಈಗ ಅವರ ಹೆಸರು ಹೇಳುತ್ತಾರೆ.

"ಎಲ್ಲಾ ಬಂಗಾಲಿಗಳೇನಾ?" ಎಂದು ಮೂಗು ಮುರಿಯಬೇಡಿ. ಇಲ್ಲೇ ಪಕ್ಕದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಗೋರಾ ಪಲ್ಟನ್‌ಗಳ ಪಾರುಪತ್ಯ ಮುರಿದವರು ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಾವು 2–1ರಿಂದ ಸೋತರೂ, ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಪರವಾಗಿ ಆಡಿದ್ದ ಎಸ್. ರಾಮನ್. ಅಂದೂ ನಮ್ಮ ತಂಡದ ಹೆಚ್ಚಿನವರು ಬರಿಗಾಲಿನವರೇ.

ಮಗಳು ಎಲ್ಲಾ ಕೇಳಿ, "ಮೇಷ್ಟ್ರಿಗೆ ಪೇಪರ್ ಕರೆಕ್ಷನ್ ಇರಲಿಲ್ವಾ?" ಎಂದಳು. ಇದ್ದೇ ಇದ್ದೀತು. ನಾನು ಸುಮ್ಮನಾದೆ.

ಕಳೆದ ಭಾನುವಾರ ಸ್ಟೂಲು ಎಳೆದ ಸದ್ದಾಯಿತು. ಬೂಟುಗಳು ಕೆಳಗಿಳಿದಿವೆ. ಎಡಗಾಲಿನದರ ಅಟ್ಟೆ ಬಿಟ್ಟಿದೆ, ಹೊಲಿಯಲು ಕೊಟ್ಟಿದ್ದೇವೆ.